ಸಕ್ಕರೆಯ ತಪ್ಪು

“ಕೇಕಿಗೆ ಸಕ್ಕರೀನ ಹಾಕಿಲ್ಲೇನ್ರೀ? ನನ್ನ ಹೆಂಡ್ತಿ ಒಂದು ತುತ್ತಿಗೇ ತಾಟು ಸರಿಸಿದ್ಲು!” ಗಿರಾಕಿ ಬಾಗಿಲಲ್ಲೇ ರೇಗಿದ.

ಮನೆಯಲ್ಲೇ ಕೇಕು ಮಾಡಿ ಮಾರುವ ಅನಸೂಯಾಳಿಗೆ ಮೈ ಉರಿದುಹೋಯಿತು. ಅಂಥ ತಪ್ಪು ಅವಳ ಕೈಯಿಂದ ಎಂದೂ ಆಗಿರಲಿಲ್ಲ. ಕ್ರೀಮು ಬಳಿಯುವ ಮೊದಲು ಸಮ ಮಾಡಲೆಂದು ಕೊಯ್ದಿಟ್ಟಿದ್ದ ಅದೇ ಕೇಕಿನ ಮೇಲ್ಪದರವನ್ನು ತಂದು ಅವನ ಮುಂದೆ ಹಿಡಿದಳು.

“ನೀವ ತಿಂದು ನೋಡ್ರಿ.”

ಅವನು ತಿಂದ. ಹಾಗೆಯೇ ಮೆಟ್ಟಿಲ ಮೇಲೆ ಕುಳಿತ.

“ಸಿಹಿ ಐತ್ರಿ. ಕ್ಯಾನ್ಸರ್ ಔಷಧ ಶುರುವಾದಾಗಿಂದ ಆಕಿಗೆ ಏನೂ ರುಚಿ ಹತ್ತವಲ್ದು. ಇದು ಕೇಕಿಂದ ತಪ್ಪಾಗಿರ್ಲಿ ಅಂತ ದೇವ್ರನ್ನ ಬೇಡ್ಕೋತ ಬಂದೆ.”

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಹೆಂಡತಿಯದೇ ಕರೆ, ಎತ್ತಲು ಅವನಿಗೆ ಧೈರ್ಯವಾಗಲಿಲ್ಲ. ಅನಸೂಯಾ ಫೋನನ್ನು ತಾನೇ ತೆಗೆದುಕೊಂಡಳು.

“ಅಕ್ಕಾರ, ತಪ್ಪಾತ್ರಿ. ಸಕ್ಕರಿ ಹಾಕೂದನ್ನ ಮರ್ತಬಿಟ್ಟೆ.”