ಮುಷ್ಟಿಯೊಳಗಿನ ಧೈರ್ಯ

ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ ವನಮಾಲಾ ಮನಸ್ಸಿನ ಹತೋಟಿಗೆಂದು ಸ್ಫಟಿಕದ ಬಿಳಿ ಹರಳೊಂದನ್ನು ಕೊಂಡಳು. ದಿನವೂ ಅದನ್ನು ತೊಳೆದು, ಬಚ್ಚಲಿನ ಗೂಡಿನಲ್ಲಿ ಮಾವನ ಗಡ್ಡ ಬೋಳಿಸುವ ಸಾಮಾನಿನ ಪಕ್ಕ ಒಣಗಲು ಇಡುತ್ತಿದ್ದಳು.

ಮೂರನೆಯ ಪರೀಕ್ಷೆಯ ದಿನ ಗಡಿಬಿಡಿಯಲ್ಲಿ ಗೂಡಿಗೆ ಕೈಹಾಕಿ ಹರಳೆತ್ತಿಕೊಂಡು ಓಡಿದಳು. ಸರದಿ ಬರುವವರೆಗೂ ಬೆವರುವ ಮುಷ್ಟಿಯಲ್ಲಿ ಅದನ್ನು ಬಿಗಿಹಿಡಿದು ಕೂತಳು. ಎದೆಬಡಿತ ತಾನಾಗಿ ಇಳಿಯಿತು. ಕಾರು ಹೇಳಿದ ಹಾಗೆ ಕೇಳಿತು.

"ಪಾಸಾದೆ ಮಾವ. ಎಲ್ಲ ಹರಳಿನ ಮಹಿಮೆ. ನಗ್ತಿದ್ರಲ್ಲ ನೀವು?"

"ಇನ್ನು ನಗಲ್ಲ ಕಣಮ್ಮ," ಎಂದರು ಮಾವ. ಆಗಷ್ಟೇ ಬೋಳಿಸಿದ ಗಲ್ಲದ ಗಾಯಕ್ಕೆ ಕಾಗದದ ಚೂರು ಅಂಟಿಸಿಕೊಂಡಿದ್ದರು. "ಆದ್ರೆ ನನ್ನ ಪಟಿಕದ ಕಲ್ಲಿಗೆ ಅದೇನಾಗಿದೆಯೋ. ಎಷ್ಟು ಉಜ್ಜಿದ್ರೂ ಇವತ್ತು ಉರೀಲೂ ಇಲ್ಲ, ರಕ್ತಾನೂ ನಿಲ್ಲಲಿಲ್ಲ."