ಗೆರೆ ಸವೆದ ಹೆಬ್ಬೆರಳು

ಮೂರನೇ ಸಲ ಒತ್ತಿದರೂ ಹೊಸ ಫೋನು ಅವಳ ಹೆಬ್ಬೆರಳಿಗೆ ತೆರೆದುಕೊಳ್ಳಲಿಲ್ಲ. ಅಜ್ಜಿಕಥೆಯ ಗುಹೆಬಾಗಿಲಿನಂತೆ ಬಿಗಿದುಕೊಂಡೇ ಕುಳಿತಿತು. ಹದಿನೈದು ವರ್ಷ ಸಿಮೆಂಟು ಕಲಸಿ, ಕಂಡವರ ಮನೆಗಳಿಗೆ ಟೈಲ್ಸ್ ಹಾಸಿದ ಬೆರಳು ಅದು. ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು.

"ಫೋನೇನೋ ಗಟ್ಟಿ ಇದೆ ಅಕ್ಕಾ, ಎತ್ತಿ ಹಾಕಿದ್ರೂ ಏನೂ ಆಗಲ್ಲ. ನಿಮ್ ಬೆರಳೇ ಸರಿಯಿಲ್ಲ," ಎಂದ ಅಂಗಡಿಯವನು. ಜೊತೆಗೆ ಬಂದಿದ್ದ ಅಣ್ಣ ಕಿಸಕ್ಕನೆ ನಕ್ಕ. "ನಾನು ಮೊದ್ಲೇ ಹೇಳ್ಲಿಲ್ವಾ? ಹೊಸದೆಲ್ಲ ನಿನಗ್ಯಾಕೆ? ಸುಮ್ನೆ ನನ್ನ ಹಳೇದನ್ನೇ ಇಟ್ಕೋ."

ಅವಳು ಕೈ ಬಚ್ಚಿಟ್ಟುಕೊಳ್ಳಲಿಲ್ಲ. ಅದೇ ಹೆಬ್ಬೆರಳಿನಿಂದ ಫೋನನ್ನು ಗಾಜಿನ ಮೇಲೆ ಅಂಗಡಿಯವನತ್ತ ಮೆಲ್ಲಗೆ ತಳ್ಳಿದಳು.

"ದಿನವಿಡೀ ದುಡಿಯೋ ಕೈಗೆ ಅಂತ ಡಬ್ಬದ ಮೇಲಿಂದ ನೀನೇ ಓದಿ ಹೇಳಿದ್ಯಲ್ಲ, ಆ ಕೈ ಇದೇ. ನಿನ್ನ ಫೋನು ಫೇಲಾಯ್ತು ತಮ್ಮಾ. ಮುಂದಿನದು ತೆಗಿ."