ವಿಮಾನದಲ್ಲೇ ಬಾ

ಗುರುಬಸಪ್ಪ ಕಿಟಕಿಯ ಪರದೆ ಎಳೆದು ಕೋಣೆಯನ್ನು ಮಬ್ಬಾಗಿಸಿದ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಔಷಧದ ನಾಲ್ಕು ಸೀಸೆ ಇಟ್ಟ. ಒಂದು ಖಾಲಿಯಿತ್ತು. ಅದಕ್ಕೆ ನೀರು ತುಂಬಿ, ಲೇಬಲ್ಲನ್ನು ಗೋಡೆಯ ಕಡೆ ತಿರುಗಿಸಿದ. ಮಗ ಚನ್ನವೀರನ ಕಣ್ಣು ಬಲು ಚುರುಕು. ಸುಳ್ಳೆಂದು ಗೊತ್ತಾದರೆ ನಿಂತ ಕಾಲಲ್ಲೇ ಬೊಂಬಾಯಿಗೆ ವಾಪಸು. ಆಮೇಲೆ ಈ ಜನ್ಮದಲ್ಲಿ ಜಯನಗರದ ಕಡೆ ತಲೆ ಹಾಕುವವನಲ್ಲ.

ಅಪ್ಪ ಮಗನಿಗೆ ಮಾತು ನಿಂತು ಎರಡು ವರ್ಷ. ಮದುವೆಯ ವಿಷಯಕ್ಕೆ ಹತ್ತಿಕೊಂಡ ಜಗಳ. ಮೊದಲು ತಾನು ಕಾಗದ ಬರೆಯುವುದಿಲ್ಲವೆಂದು ಇಬ್ಬರಿಗೂ ಹಟ. ಕೊನೆಗೆ ಉಪಾಯ ಹುಡುಕಿದವಳು ಹೆಂಡತಿ ಶಾಂತಾದೇವಿಯೇ. ಸೋಮವಾರ ಬಸವನಗುಡಿಗೆ ಹೋಗಿ ಬಂದವಳು ಚಪ್ಪಲಿ ಬಿಡುತ್ತಲೇ, "ನನಗೆ ಸೀರಿಯಸ್ ಅಂತ ತಂತಿ ಕೊಡ್ರೀ. ಮಲಕ್ಕೊಂಡು ನಾಟಕ ಮಾಡ್ತೀನಿ," ಎಂದಿದ್ದಳು. ಗುರುಬಸಪ್ಪ ನಕ್ಕು ಒಪ್ಪಿದ್ದ. ಇಂಥ ತಂತಿ ಕೊಟ್ಟು ಮಕ್ಕಳನ್ನು ಕರೆಸಿಕೊಂಡವರು ಕಡಿಮೆಯೇ? 'ವಿಮಾನದಲ್ಲೇ ಬಾ' ಎಂದು ಸೇರಿಸಲೇಬೇಕೆಂದು ಅವಳು ಹಿಡಿದ ಹಟ ಮಾತ್ರ ಅತಿಯೆನಿಸಿತ್ತು.

"ರೀ, ಬೊಂಬಾಯಿ ಎಷ್ಟು ಮೈಲಿ ಅಂದ್ರಿ?" ಹಾಸಿಗೆಯಿಂದ ದನಿ ಬಂತು.

"ಆಕಾಶದಲ್ಲಿ ಐನೂರ ಇಪ್ಪತ್ತು. ಬೆಳಗ್ಗೆಯಿಂದ ಆರನೇ ಸಲ ಕೇಳ್ತಿದ್ದೀಯ."

"ಎಷ್ಟು ಹೊತ್ತಾಗತ್ತೆ?"

"ಮೂರು ಗಂಟೆ. ಒಂಬತ್ತಕ್ಕೆ ಹೊರಟಿದ್ರೆ ಹನ್ನೆರಡಕ್ಕೆ ಇಳೀತಾನೆ. ಟ್ಯಾಕ್ಸಿಯವನು ಫೋರ್ತ್ ಬ್ಲಾಕ್ ಹುಡುಕೋದ್ರಲ್ಲಿ ಒಂದಾಗತ್ತೆ. ರೈಲಲ್ಲಾದ್ರೆ ಎರಡು ರಾತ್ರಿ. ಅಷ್ಟರಲ್ಲಿ ಏನು ಮುಳುಗಿ ಹೋಗ್ತಿತ್ತು ಹೇಳು?"

ಅವಳು ಗಡಿಯಾರದ ಕಡೆ ತಿರುಗಿದಳು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೇಲೆಲ್ಲೋ ವಿಮಾನದ ಮೊರೆತ ಕೇಳಿತು. ಇಬ್ಬರೂ ಕಿವಿಗೊಟ್ಟರು. ಸದ್ದು ಪೂರ್ವಕ್ಕೆ ಸರಿದು ಅಡಗಿತು. ಅವಳ ಬೆರಳುಗಳು ಅವನ ಮಣಿಕಟ್ಟು ಹಿಡಿದವು. ಐಸಿನಂತೆ ತಣ್ಣಗಿದ್ದವು.

"ಭಲೇ! ಕೈ ಕೂಡ ತಣ್ಣಗೆ ಮಾಡ್ಕೊಂಡಿದ್ದೀಯಲ್ಲೇ! ನಾಟಕದ ಕಂಪನಿಯವರು ನಿನ್ನ ಬಿಟ್ಟು ಕೆಟ್ರು ಕಣೇ. ಆದ್ರೆ ನರಳೋದು ಈಗಲೇ ಬೇಡ. ಅವನು ಬಂದ ಮೇಲೆ ನರಳು."

"ಅಭ್ಯಾಸ ಮಾಡ್ಕೋತಿದ್ದೀನಿ, ರೀ." ಅವಳು ನಗಲು ನೋಡಿದಳು. "ಇನ್ನೆಷ್ಟು ಹೊತ್ತು?"

ಅವನು ಹಣೆಯ ಬೆವರೊರೆಸಿ ವಿಭೂತಿ ಹಚ್ಚಿದ. ಈಗ ಚಿತ್ರ ಪೂರ್ತಿಯಾಯಿತು ಎನಿಸಿತು. ಆದರೂ ಅಳುಕು ಹೋಗಲಿಲ್ಲ. ಮಗ ಕಂಬಳಿ ಸರಿಸಿ ನೋಡಿದರೆ? ಎದ್ದು ಕೂತ್ಕೊಳ್ಳಮ್ಮ ಎಂದರೆ?

ಹನ್ನೆರಡೂವರೆಗೆ ಗೇಟು ಕಿರುಗುಟ್ಟಿತು. ಗುರುಬಸಪ್ಪ ಹೌಹಾರಿ ಓಡಿದ. ಮಗನಲ್ಲ. ಬಸವನಗುಡಿಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಏಕಾಂತಯ್ಯ, ಕೈಯಲ್ಲಿ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಕರೆಯದೆ ಬಂದದ್ದು ದೇವರ ದಯೆ. ನಾಟಕಕ್ಕೆ ಡಾಕ್ಟರೊಬ್ಬರ ಕೊರತೆಯಿತ್ತು.

ಅವರನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದ. "ಡಾಕ್ಟ್ರೇ, ಒಂದು ಉಪಕಾರ ಆಗ್ಬೇಕು. ಮಗ ಬರ್ತಿದ್ದಾನೆ. ಕೇಳಿದ್ರೆ, ಇವಳ ಕಾಯಿಲೆ ಜೋರಾಗಿದೆ ಅಂತ ಒಂದು ಸುಳ್ಳು ಹೇಳಿಬಿಡಿ."

ಏಕಾಂತಯ್ಯ ಅವನನ್ನೇ ದಿಟ್ಟಿಸಿದರು.

"ಸುಳ್ಳೇ? ಕಾಯಿಲೆ ವಿಷಯ ನಿಮಗೆ ತಾವೇ ಹೇಳ್ತೀನಿ ಅಂತ ಅಮ್ಮ ಅಂದಿದ್ರಲ್ಲ... ಮಗನ್ನ ಕರೆಸೋದಾದ್ರೆ ರೈಲಲ್ಲಿ ಬರೋವಷ್ಟು ಹೊತ್ತಿಲ್ಲ ಅಂತ ಸೋಮವಾರ ದವಾಖಾನೆಗೆ ಬಂದಾಗಲೇ ಅವರಿಗೆ ಹೇಳಿದ್ದೆ."